ಕೋಷ್ಟಕ ವಿಂಗಡಿಸುವ ಆ್ಯಡ್-ಆನ್ ತಪ್ಪು ಕ್ರಮ ತೋರಿಸಿದಾಗ

ಗೋಣಿಬೀಡಿನ ಹತ್ತಿರ ತೋಟ ನೋಡಿಕೊಂಡಿರುವ ನನ್ನ ಚಿಕ್ಕಪ್ಪ ಫೆಬ್ರವರಿಯ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದರು. ರೋಬಸ್ಟಾ ಕೊಯ್ಲಿನ ದಿನಗಳು. ಅವರು ಕಾಫಿ ಕೊಡುವ ವ್ಯಾಪಾರಿಯ ಜಾಲಪುಟದಲ್ಲಿ ಪ್ರತಿ ಲಾಟಿನ ಲೆಕ್ಕವೂ ಒಂದು ಉದ್ದನೆಯ ಕೋಷ್ಟಕದಲ್ಲಿ ಬರುತ್ತದೆ: ತಾರೀಖು, ಬಗೆ, ಮೂಟೆ, ತೂಕ, ದರ, ಮೊತ್ತ. ಪುಟಕ್ಕೆ ತನ್ನದೇ ಆದ ವಿಂಗಡಣೆ ಇಲ್ಲದ ಕಾರಣ, ಯಾವ ಪುಟದ ಕೋಷ್ಟಕವನ್ನಾದರೂ ಕಾಲಂ ಪ್ರಕಾರ ಜೋಡಿಸುವ, ಅದರೊಳಗೆ ಹುಡುಕುವ ಒಂದು ಆ್ಯಡ್-ಆನ್ ಅನ್ನು ಅವರ ಬ್ರೌಸರಿಗೆ ನಾನೇ ಹಾಕಿಕೊಟ್ಟಿದ್ದೆ.

"ಮೊತ್ತದ ಮೇಲೆ ಒತ್ತಿದರೆ ದೊಡ್ಡದು ಮೊದಲು ಬರಬೇಕಲ್ಲವೇ? ತೊಂಬತ್ತೆಂಟು ಸಾವಿರದ್ದು ಮೇಲೆ ಬಂದು ಕುಳಿತಿದೆ. ಲಕ್ಷ ದಾಟಿದ ಲಾಟುಗಳು ಎಲ್ಲಿ ಹೋದವು?" ಎಂದು ಕೇಳಿದರು. ದುಡ್ಡು ಬಂದಿಲ್ಲವೇನೋ ಎಂಬ ಆತಂಕ ಅವರ ಧ್ವನಿಯಲ್ಲಿತ್ತು. ಲಕ್ಷದ ಲಾಟುಗಳು ಎಲ್ಲಿಯೂ ಹೋಗಿರಲಿಲ್ಲ. ಕೋಷ್ಟಕದ ತಳದಲ್ಲಿ ಗುಂಪಾಗಿ ಬಿದ್ದಿದ್ದವು.

ಆ ಸಂಜೆಯಿಂದ ಇಂತಹ ದೋಷಗಳನ್ನು ಬೆನ್ನು ಹತ್ತಿ ನೋಡುತ್ತಿದ್ದೇನೆ. ಆ್ಯಡ್-ಆನ್ ಕೆಲಸವನ್ನೇ ಮಾಡದಿದ್ದರೆ ನಮಗೆ ಕೂಡಲೇ ಗೊತ್ತಾಗುತ್ತದೆ, ನಷ್ಟವಿಲ್ಲ. ಕೆಲಸ ಮಾಡಿದಂತೆ ತೋರಿಸಿ ತಪ್ಪು ಕ್ರಮ ಕೊಟ್ಟರೆ ಮಾತ್ರ ನಾವು ಅದನ್ನು ನಂಬಿ ತೀರ್ಮಾನ ತೆಗೆದುಕೊಂಡುಬಿಡುತ್ತೇವೆ. ಹಾಗಾಗಿ ಕಾಣುವ ದೋಷಗಳನ್ನು ಬೇಗ ಮುಗಿಸಿ, ಕಾಣದ ದೋಷಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇಲ್ಲಿರುವ ಮೊತ್ತಗಳು ಉದಾಹರಣೆಗೆ ಮಾತ್ರ. ಚಿಕ್ಕಪ್ಪನ ನಿಜವಾದ ಲೆಕ್ಕವನ್ನು ಇಲ್ಲಿ ಹಾಕಿಲ್ಲ.

ಮೊದಲು ಮುಟ್ಟಬೇಕಾದದ್ದು

ಆ್ಯಡ್-ಆನ್ ಅನ್ನು ಕಿತ್ತುಹಾಕಿ ಮತ್ತೆ ಹಾಕುವುದು ಎಲ್ಲರ ಮೊದಲ ಪ್ರಯತ್ನ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕಿತ್ತುಹಾಕಿದರೆ ನೀವು ಹೊಂದಿಸಿಟ್ಟ ಆಯ್ಕೆಗಳೂ ಅಳಿಸಿಹೋಗುತ್ತವೆ, ದೋಷದ ಗುರುತೂ ಮಾಯವಾಗುತ್ತದೆ. ಮೊದಲು ತಪ್ಪು ಕಾಣುತ್ತಿರುವ ಪರದೆಯ ಚಿತ್ರ ತೆಗೆದುಕೊಳ್ಳಿ, ಆಮೇಲೆ ಪುಟವನ್ನು ಒಮ್ಮೆ ಮರುಲೋಡ್ ಮಾಡಿ.

ನಂತರ ದೋಷ ಪುಟದ್ದೋ, ಬ್ರೌಸರಿನದ್ದೋ, ಕೋಶದೊಳಗಿನ ಬರಹದ್ದೋ ಎಂದು ಬೇರ್ಪಡಿಸಬೇಕು. ಅದೇ ಬ್ರೌಸರಿನಲ್ಲಿ ಬೇರೊಂದು ಪುಟ ತೆರೆಯಿರಿ. ನಾನು ವಿಕಿಪೀಡಿಯದಲ್ಲಿ ಕರ್ನಾಟಕದ 31 ಜಿಲ್ಲೆಗಳ ಪಟ್ಟಿ ತೆರೆಯುತ್ತೇನೆ, ಅಲ್ಲಿರುವುದು ನಿಜವಾದ ಕೋಷ್ಟಕ. ವಿಕಿಪೀಡಿಯದ ಎಷ್ಟೋ ಕೋಷ್ಟಕಗಳಿಗೆ ತಮ್ಮದೇ ವಿಂಗಡಣೆಯ ಬಾಣಗಳಿರುತ್ತವೆ. ನೀವು ಒತ್ತಿದ್ದು ಆ್ಯಡ್-ಆನ್‌ನ ಗುಂಡಿಯೋ ವಿಕಿಪೀಡಿಯದ ಬಾಣವೋ ಎಂದು ಖಚಿತ ಮಾಡಿಕೊಳ್ಳಿ. ಅಲ್ಲಿ ಸರಿಯಾಗಿ ನಡೆದು ನಿಮ್ಮ ಪುಟದಲ್ಲಿ ಮಾತ್ರ ಕೆಟ್ಟರೆ, ಆ್ಯಡ್-ಆನ್ ಅನ್ನು ಬಿಟ್ಟು ನಿಮ್ಮ ಕೋಷ್ಟಕದ ಕಡೆ ತಿರುಗಿ. ಎರಡೂ ಕಡೆ ಕೆಟ್ಟರೆ ಉಳಿದ ಆ್ಯಡ್-ಆನ್‌ಗಳನ್ನು ತಾತ್ಕಾಲಿಕವಾಗಿ ಆಫ್ ಮಾಡಿ ನೋಡಿ. ಪುಟವನ್ನು ಅನುವಾದಿಸುವ ಸೌಲಭ್ಯ ಚಾಲೂ ಇದ್ದರೆ ಅದನ್ನೂ ನಿಲ್ಲಿಸಿ. ಅನುವಾದ ಬಂದ ಕೂಡಲೇ ಕೋಶದೊಳಗಿನ ಬರಹವೇ ಬದಲಾಗುತ್ತದೆ.

ಗುಂಡಿಯೇ ಕಾಣದಿದ್ದರೆ

ಹೆಚ್ಚಿನ ಸಲ ಇದು ಅನುಮತಿಯ ವಿಷಯ. ಕ್ರೋಮ್‌ನಲ್ಲಿ ಆ್ಯಡ್-ಆನ್‌ನ ವಿವರಗಳ ಪುಟಕ್ಕೆ ಹೋದರೆ ಯಾವ ಜಾಲತಾಣಗಳ ಮೇಲೆ ಅದು ಕೆಲಸ ಮಾಡಬಹುದು ಎಂಬ ಆಯ್ಕೆ ಇರುತ್ತದೆ: ಒತ್ತಿದಾಗ ಮಾತ್ರ, ಕೆಲವು ತಾಣಗಳಲ್ಲಿ ಮಾತ್ರ, ಎಲ್ಲ ಕಡೆ. "ಒತ್ತಿದಾಗ ಮಾತ್ರ" ಎಂದಿದ್ದರೆ ಪ್ರತಿ ಸಲವೂ ಮೇಲಿನ ಪಟ್ಟಿಯ ಚಿಹ್ನೆಯನ್ನು ಒತ್ತಲೇಬೇಕು. ಖಾಸಗಿ ಕಿಟಕಿಯಲ್ಲಿ ನಡೆಯಲು ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ಪ್ರತ್ಯೇಕವಾಗಿ ಒಪ್ಪಿಗೆ ಕೊಡಬೇಕು. ಕಂಪ್ಯೂಟರಿನಲ್ಲೇ ಉಳಿಸಿಕೊಂಡ ಪುಟವನ್ನು ಕ್ರೋಮ್‌ನಲ್ಲಿ ತೆರೆದಾಗಲೂ ಸ್ಥಳೀಯ ಕಡತಗಳಿಗೆಂದು ಬೇರೆ ಅನುಮತಿ ಬೇಕು. ಆ್ಯಡ್-ಆನ್ ಹಾಕುವ ಮೊದಲೇ ತೆರೆದಿದ್ದ ಟ್ಯಾಬ್‌ ಇದ್ದರೆ ಮರುಲೋಡ್ ಮಾಡುವವರೆಗೆ ಕ್ರೋಮ್‌ನಲ್ಲಿ ಏನೂ ಆಗುವುದಿಲ್ಲ. ಬ್ರೌಸರಿನ ಸ್ವಂತ ಪುಟಗಳಲ್ಲಿ, ಆ್ಯಡ್-ಆನ್‌ಗಳು ಸಿಗುವ ಅಧಿಕೃತ ಅಂಗಡಿಯ ಪುಟದಲ್ಲಿ ಯಾವ ಆ್ಯಡ್-ಆನ್‌ಗೂ ಪ್ರವೇಶವಿಲ್ಲ. ಅದು ಸುರಕ್ಷತೆಗಾಗಿ ಬೇಕೆಂದೇ ಮಾಡಿರುವ ಏರ್ಪಾಡು.

ಹಳೆಯ ಆ್ಯಡ್-ಆನ್ ಒಂದು ದಿನ ಇದ್ದಕ್ಕಿದ್ದಂತೆ ಮಲಗಿದರೆ ಬ್ರೌಸರಿನ ಆವೃತ್ತಿ ನೋಡಿ. 2017ರ ನವೆಂಬರಿನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೆಯ ಮಾದರಿಯ ಆ್ಯಡ್-ಆನ್‌ಗಳನ್ನು ಪೂರ್ತಿ ಕೈಬಿಟ್ಟಿತು. ಕ್ರೋಮ್ 2024ರ ಜೂನ್‌ನಿಂದ ಮ್ಯಾನಿಫೆಸ್ಟ್ (ಆ್ಯಡ್-ಆನ್ ಬರೆಯುವ ನಿಯಮಗಳ ಚೌಕಟ್ಟು) ಎರಡನೇ ಆವೃತ್ತಿಯ ಆ್ಯಡ್-ಆನ್‌ಗಳನ್ನು ಹಂತಹಂತವಾಗಿ ನಿಲ್ಲಿಸಿತು. ನಿಮ್ಮದು ಆ ಗುಂಪಿಗೆ ಸೇರಿದ್ದು, ತಯಾರಕರು ಹೊಸದಾಗಿ ಬರೆದಿಲ್ಲವೆಂದಾದರೆ ಯಾವ ರಿಪೇರಿಯೂ ನಡೆಯದು. ಬೇರೊಂದನ್ನು ಹುಡುಕಿಕೊಳ್ಳಬೇಕು. ಮೊಬೈಲಿನಲ್ಲಿ ಏಕೆ ಕಾಣುತ್ತಿಲ್ಲ ಎಂದು ಹಲವರು ಕೇಳುತ್ತಾರೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಈ ಸೌಲಭ್ಯವಿಲ್ಲ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ 2023ರ ಡಿಸೆಂಬರಿನಿಂದ ಆ್ಯಡ್-ಆನ್‌ಗಳಿಗೆ ಬಾಗಿಲು ತೆರೆದಿದೆ.

ಕೋಷ್ಟಕದಂತೆ ಕಂಡರೂ ಕೋಷ್ಟಕವಲ್ಲದ್ದು

ಗುಂಡಿ ಇದೆ, ಒತ್ತಿದರೆ "ಕೋಷ್ಟಕ ಸಿಗಲಿಲ್ಲ" ಎನ್ನುತ್ತದೆ, ಕಣ್ಣೆದುರು ಮಾತ್ರ ಸಾಲು ಸಾಲು ಅಂಕಿಗಳಿವೆ. ನಮ್ಮ ಕಣ್ಣಿಗೆ ಗೆರೆಗಳು ಸಾಕು, ಆ್ಯಡ್-ಆನ್‌ಗೆ ಪುಟದ ಒಳರಚನೆ ಬೇಕು. ಅದು ಹುಡುಕುವುದು ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ "ಟೇಬಲ್" ಎಂಬ ಟ್ಯಾಗನ್ನು. ಈಗಿನ ಎಷ್ಟೋ ಪುಟಗಳು ಬರೀ ಡಬ್ಬಗಳನ್ನು ಒಂದರ ಪಕ್ಕ ಒಂದಿಟ್ಟು ಕೋಷ್ಟಕದ ರೂಪ ಕೊಡುತ್ತವೆ. ಯಾವುದಾದರೂ ಅಂಕಿಯ ಮೇಲೆ ಬಲ ಗುಂಡಿ ಒತ್ತಿ "ಪರಿಶೀಲಿಸು" ಆಯ್ಕೆ ಮಾಡಿದರೆ ಪಕ್ಕದಲ್ಲಿ ಒಳರಚನೆ ತೆರೆದುಕೊಳ್ಳುತ್ತದೆ. ಅಂಕಿಯ ಸುತ್ತ "ಟಿಡಿ", ಅದರ ಮೇಲೆ "ಟಿಆರ್", ಇನ್ನೂ ಮೇಲೆ "ಟೇಬಲ್" ಕಂಡರೆ ಅದು ನಿಜವಾದ ಕೋಷ್ಟಕ. ಮೇಲೆ ಕೆಳಗೆ ಎಲ್ಲೆಲ್ಲೂ "ಡಿವ್" ಎಂಬ ಡಬ್ಬಗಳು ಮಾತ್ರ ಇದ್ದರೆ ಈ ಬಗೆಯ ಆ್ಯಡ್-ಆನ್‌ಗೆ ಅದು ನಿಲುಕುವುದಿಲ್ಲ. "ಐಫ್ರೇಮ್" ಎಂಬ ಹೆಸರು ಸಿಕ್ಕರೆ ನೀವು ನೋಡುತ್ತಿರುವುದು ಒಂದು ಪುಟದೊಳಗೆ ಕೂರಿಸಿದ ಇನ್ನೊಂದು ಪುಟ. ಒಳಗಿನ ಪುಟವನ್ನೇ ಬೇರೆ ಟ್ಯಾಬ್‌ನಲ್ಲಿ ತೆರೆದು ಪ್ರಯತ್ನಿಸಿ, ಅನೇಕ ಸಲ ಅಷ್ಟರಿಂದಲೇ ಸರಿಹೋಗುತ್ತದೆ. ಬ್ರೌಸರಿನಲ್ಲೇ ತೆರೆದುಕೊಳ್ಳುವ ಪಿಡಿಎಫ್ ಕಡತದ ಮೇಲೂ ಇಂತಹ ಆ್ಯಡ್-ಆನ್‌ಗೆ ಹಿಡಿತ ಸಿಗುವುದಿಲ್ಲ.

ಕೋಷ್ಟಕ ನಿಜವಾದದ್ದೇ ಆಗಿ, ಪುಟ ತೆರೆದ ಸ್ವಲ್ಪ ಹೊತ್ತಿನ ಮೇಲೆ ಅಂಕಿಗಳು ಬಂದು ಸೇರುವಂತಿದ್ದರೆ, ಎಲ್ಲ ಸಾಲುಗಳು ಬಂದ ಮೇಲೆ ಆ್ಯಡ್-ಆನ್ ಒತ್ತಬೇಕು. ಕೆಲವು ನಿಮಿಷಗಳಿಗೊಮ್ಮೆ ತಾನೇ ಹೊಸದಾಗುವ ಧಾರಣೆಯ ಪುಟಗಳಲ್ಲಿ ನೀವು ಜೋಡಿಸಿದ ಕ್ರಮ ಪ್ರತಿ ಸಲ ಕೆಡುತ್ತದೆ. ಅದು ಆ್ಯಡ್-ಆನ್‌ನ ತಪ್ಪಲ್ಲ.

ಇಲ್ಲಿಯೇ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಇದರಿಂದ ಆಗುವ ತಪ್ಪು ಸದ್ದಿಲ್ಲದ್ದು. ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ "312ರಲ್ಲಿ 25 ಸಾಲು" ಎಂಬಂತಹ ಬರಹ ಇದೆಯೇ ನೋಡಿ. ಇದ್ದರೆ ಆ್ಯಡ್-ಆನ್ ಜೋಡಿಸುವುದು ಆ 25 ಸಾಲುಗಳನ್ನು ಮಾತ್ರ, ಉಳಿದ 287 ಸಾಲುಗಳು ಇನ್ನೂ ಪುಟಕ್ಕೆ ಬಂದೇ ಇಲ್ಲ. ಈ ಹಂಗಾಮಿನ ಅತಿ ಹೆಚ್ಚಿನ ದರ ಎಂದು ನೀವು ಓದಿಕೊಳ್ಳುವುದು ಆ ಪುಟದ ಅತಿ ಹೆಚ್ಚಿನ ದರ ಅಷ್ಟೇ. ಹುಡುಕಾಟಕ್ಕೂ ಇದೇ ಮಾತು: ಸಿಗಲಿಲ್ಲ ಎಂದರೆ ಈ 25ರಲ್ಲಿ ಸಿಗಲಿಲ್ಲ ಎಂದು ಅರ್ಥ. ಎಲ್ಲ ಸಾಲುಗಳನ್ನೂ ತೋರಿಸುವ ಆಯ್ಕೆ ಇದ್ದರೆ ಅದನ್ನು ಮೊದಲು ಒತ್ತಿ. ಕೆಳಗೆ ಉರುಳಿಸಿದಂತೆಲ್ಲ ಸಾಲು ಬಂದು ಸೇರುವ ಪುಟವಾದರೆ ತಳ ಮುಟ್ಟುವವರೆಗೆ ಉರುಳಿಸಿ. ಮೇಲಿನ ಸಾಲುಗಳನ್ನು ತೆಗೆಯುತ್ತಾ ಕೆಳಗಿನವನ್ನು ತರುವ ಪುಟಗಳೂ ಇವೆ. ಅಲ್ಲಿ ಇದೂ ಸಾಲದು, ಆ ತಾಣವೇ ಎಕ್ಸೆಲ್ ಅಥವಾ ಸಿಎಸ್‌ವಿ ಕಡತ ಕೊಡುತ್ತದೆಯೇ ನೋಡಬೇಕು.

ಅಂಕಿಗಳು ತಪ್ಪು ಕ್ರಮದಲ್ಲಿ ನಿಂತರೆ

ಈಗ ಚಿಕ್ಕಪ್ಪನ ಮೊತ್ತದ ಕಾಲಂಗೆ ಬರುತ್ತೇನೆ. ಕೋಶದಲ್ಲಿರುವುದು ಆ್ಯಡ್-ಆನ್‌ಗೆ ಬರೀ ಅಕ್ಷರಗಳ ಸಾಲು. ಅದನ್ನು ಸಂಖ್ಯೆ ಎಂದು ಓದಬೇಕೋ, ಪದ ಎಂದು ಓದಬೇಕೋ, ತಾರೀಖು ಎಂದು ಓದಬೇಕೋ ಎಂದು ಅದು ಊಹಿಸುತ್ತದೆ. ಊಹೆ ಯಾವ ಕಡೆ ತಪ್ಪಿತು ಎಂಬುದನ್ನು ಫಲಿತಾಂಶದ ಕ್ರಮವೇ ಹೇಳುತ್ತದೆ. ಅದನ್ನು ಓದಲು ಕಲಿತರೆ ಅರ್ಧ ರೋಗ ಪತ್ತೆಯಾದಂತೆ.

ಕೋಷ್ಟಕದಲ್ಲಿ ಮೇಲಿನಿಂದ ಕೆಳಕ್ಕೆ 9,600, 12,300, 98,450, 1,12,300, 1,05,000 ಎಂಬ ಐದು ಮೊತ್ತಗಳಿವೆ ಎಂದುಕೊಳ್ಳಿ. ಏರಿಕೆ ಕ್ರಮದಲ್ಲಿ ಜೋಡಿಸಲು ಒತ್ತಿದಾಗ 1,05,000, 1,12,300, 12,300, 9,600, 98,450 ಎಂದು ಬಂದರೆ ಆ್ಯಡ್-ಆನ್ ಇವನ್ನು ಪದಗಳೆಂದು ಭಾವಿಸಿದೆ. ನಿಘಂಟಿನಲ್ಲಿ ಹೋಲಿಸುವಂತೆ ಮೊದಲ ಅಕ್ಷರ, ಎರಡನೆಯ ಅಕ್ಷರ ಎಂದು ಹೋಲಿಸುತ್ತಾ ಹೋಗಿದೆ. ಒಂದರಿಂದ ಶುರುವಾಗುವುದೆಲ್ಲ ಒಂಬತ್ತರಿಂದ ಶುರುವಾಗುವುದಕ್ಕಿಂತ ಮೊದಲು ಬಂದಿದೆ.

1,12,300, 1,05,000, 9,600, 12,300, 98,450 ಎಂದು ಬಂದರೆ ರೋಗ ಬೇರೆ. ಇಲ್ಲಿ ಸಂಖ್ಯೆ ಎಂದು ಓದಿದೆ, ಆದರೆ ಮೊದಲ ಅಲ್ಪವಿರಾಮಕ್ಕೆ ಬಂದು ನಿಂತುಬಿಟ್ಟಿದೆ. ಆ್ಯಡ್-ಆನ್ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಸಂಖ್ಯೆ ಓದುವ ಒಂದು ಸಾಮಾನ್ಯ ವಿಧಾನ ಹೀಗೆಯೇ ನಡೆದುಕೊಳ್ಳುತ್ತದೆ: ಅಂಕಿಯಲ್ಲದ ಗುರುತು ಸಿಕ್ಕಿದಲ್ಲಿಗೆ ಓದು ಮುಗಿಸಿ, ಅಲ್ಲಿಯವರೆಗಿನದನ್ನು ಕೊಡುತ್ತದೆ. 98,450 ಎಂಬುದು 98 ಆಯಿತು, 9,600 ಎಂಬುದು 9 ಆಯಿತು, ಲಕ್ಷ ದಾಟಿದ ಎರಡೂ 1 ಆದವು. ಎರಡು ಬೆಲೆಗಳು ಸಮ ಎಂದಾದಾಗ ಅವುಗಳ ಮೂಲ ಕ್ರಮವನ್ನು ಕೆಡಿಸಬಾರದೆಂದು 2019ರ ಜಾವಾಸ್ಕ್ರಿಪ್ಟ್ ಮಾನದಂಡ ಹೇಳುತ್ತದೆ. ಆದ್ದರಿಂದಲೇ 1,12,300 ಇದ್ದಲ್ಲೇ 1,05,000ಕ್ಕಿಂತ ಮುಂದೆ ಉಳಿದಿದೆ. ಚಿಕ್ಕಪ್ಪನ ಪರದೆಯಲ್ಲಿ ಆಗಿದ್ದದ್ದು ಇದೇ. ಲಕ್ಷದ ಲಾಟುಗಳು ತಳಕ್ಕೆ ಬಿದ್ದಿದ್ದವು, ತಮ್ಮತಮ್ಮೊಳಗೆ ತಾರೀಖಿನ ಹಳೆಯ ಕ್ರಮದಲ್ಲೇ ಇದ್ದವು. ಆ ಹಳೆಯ ಕ್ರಮವನ್ನು ಗಮನಿಸಿದಾಗ ಕಾರಣ ಹೊಳೆಯಿತು.

ಮೂರನೆಯದು ನಮ್ಮ ದೇಶದವರಿಗೇ ಬರುವ ತೊಂದರೆ. ಸಾವಿರಗಳು ಸರಿಯಾಗಿ ಜೋಡಣೆಯಾಗುತ್ತವೆ, 99,999ರವರೆಗೆ ಒಂದು ತಪ್ಪೂ ಇಲ್ಲ, ಲಕ್ಷ ಬಂದ ಕೂಡಲೇ ಕೆಡುತ್ತದೆ. ಮೂರು ಮೂರು ಅಂಕಿಗಳಿಗೆ ಒಂದು ಅಲ್ಪವಿರಾಮ ಇರಬೇಕೆಂದು ನಂಬಿ ಬರೆದ ಆ್ಯಡ್-ಆನ್‌ಗೆ 98,450 ಅರ್ಥವಾಗುತ್ತದೆ, ಏಕೆಂದರೆ ಅಲ್ಲಿಯವರೆಗೆ ಎರಡೂ ಪದ್ಧತಿ ಒಂದೇ. 1,12,300 ಮಾತ್ರ ಅದಕ್ಕೆ ಸಂಖ್ಯೆಯೇ ಅಲ್ಲ. ನಮ್ಮ ಲಕ್ಷ, ಕೋಟಿಯ ಲೆಕ್ಕವನ್ನು ಬಲ್ಲ ಸಾಧನ ನಮಗೆ ಸಿಗಲೇಬೇಕು, ಅದನ್ನು ತಯಾರಕರಿಗೆ ಬಿಡದೆ ತಿಳಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪರಿಹಾರಕ್ಕೆ ಮೊದಲು ಆ್ಯಡ್-ಆನ್‌ನ ಆಯ್ಕೆಗಳಲ್ಲಿ ಕಾಲಂನ ಬಗೆಯನ್ನು ನಾವೇ ಹೇಳಲು ಅವಕಾಶವಿದೆಯೇ ನೋಡಿ. "ಸಂಖ್ಯೆ" ಎಂದು ಹೇಳಿ, ಪ್ರದೇಶ ಕೇಳಿದರೆ ಭಾರತ ಎಂದು ಕೊಡಿ. ಅವಕಾಶವಿಲ್ಲದಿದ್ದರೆ ಕೋಷ್ಟಕವನ್ನು ನಕಲಿಸಿ ಲಿಬ್ರೆಆಫೀಸ್ ಕ್ಯಾಲ್ಕ್‌ಗೋ ಎಕ್ಸೆಲ್‌ಗೋ ಅಂಟಿಸಿ, ಆ ಕಾಲಂನಲ್ಲಿ ಅಲ್ಪವಿರಾಮವನ್ನು ಹುಡುಕಿ ಅಳಿಸುವ ಆಜ್ಞೆ ಕೊಡಿ. ಅಂಟಿಸಿದ ಮೇಲೆ ಸಂಖ್ಯೆಗಳು ಕೋಶದ ಬಲಕ್ಕೆ ಸರಿದು ನಿಂತರೆ ಅವು ಸಂಖ್ಯೆಗಳಾಗಿವೆ, ಎಡಕ್ಕೆ ಅಂಟಿಕೊಂಡಿದ್ದರೆ ಇನ್ನೂ ಪಠ್ಯವಾಗಿಯೇ ಉಳಿದಿವೆ. ಈ ಒಂದು ನೋಟ ನನಗೆ ಎಷ್ಟೋ ಸಲ ಉಪಕಾರ ಮಾಡಿದೆ.

ಅಲ್ಪವಿರಾಮವನ್ನು ತೆಗೆದುಹಾಕಿ ಓದುವ ಜಾಣ ಆ್ಯಡ್-ಆನ್‌ಗಳೂ ಇವೆ. ಅವುಗಳ ಅಪಾಯ ಇನ್ನೊಂದು ಬಗೆಯದು. ಕಾಫಿ ಧಾರಣೆಯನ್ನು 50 ಕಿಲೋ ಮೂಟೆಗೆ ಇಷ್ಟರಿಂದ ಇಷ್ಟು ಎಂದು ಬರೆಯುವುದು ರೂಢಿ. ಕೋಶದಲ್ಲಿ "19,500 - 20,000" ಎಂದಿದ್ದು, ಅಂಕಿಯಲ್ಲದ್ದನ್ನೆಲ್ಲ ಅಳಿಸಿದರೆ 1950020000 ಎಂಬ ನೂರಾ ತೊಂಬತ್ತೈದು ಕೋಟಿಯ ಸಂಖ್ಯೆ ಹುಟ್ಟುತ್ತದೆ. ಆ ಸಾಲು ಯಾವಾಗಲೂ ಮೇಲಕ್ಕೇ ಬರುತ್ತದೆ. ನೋಡುವವರು ಆ ದಿನ ಆ ವ್ಯಾಪಾರಿಯದ್ದೇ ಹೆಚ್ಚಿನ ದರ ಎಂದುಕೊಳ್ಳುತ್ತಾರೆ.

ಮಳೆಯ ಲೆಕ್ಕದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತಪ್ಪು ಕಂಡೆ. ನಮ್ಮ ಕಡೆಯ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ಬೆನ್ನಿಗೆ ಬರುವ ಬ್ಯಾಕಿಂಗ್ ಮಳೆ ಎಷ್ಟಾಯಿತು ಎಂಬ ಮಾತೆಲ್ಲ ಈ ಲೆಕ್ಕದಲ್ಲೇ ನಡೆಯುತ್ತದೆ. ಕೋಶದಲ್ಲಿ "1 ಇಂಚು 20 ಸೆಂಟ್" ಎಂದಿದ್ದರೆ ಅಂಕಿಯಲ್ಲದ ಗುರುತಿಗೆ ನಿಂತುಬಿಡುವ ವಿಧಾನ ಅದನ್ನು 1 ಎಂದು ಓದುತ್ತದೆ, ಅಂಕಿಯಲ್ಲದ್ದನ್ನೆಲ್ಲ ಅಳಿಸುವ ಜಾಣ ವಿಧಾನ 120 ಎಂದು ಓದುತ್ತದೆ. "2 ಇಂಚು 5 ಸೆಂಟ್" ಎಂಬುದು ಜಾಣ ವಿಧಾನದಲ್ಲಿ 25 ಆಗುತ್ತದೆ. ಎರಡು ಇಂಚು ದಾಟಿದ ಮಳೆ ಒಂದು ಇಂಚು ಇಪ್ಪತ್ತು ಸೆಂಟಿನದಕ್ಕಿಂತ ಕೆಳಗೆ ಹೋಗಿ ಕೂರುತ್ತದೆ. ಹಾಗಾಗಿ ಇದನ್ನು 2.05, 1.20 ಎಂದು ಬರೆಯಬೇಕು. ಐದು ಸೆಂಟನ್ನು .5 ಎಂದು ಬರೆದವರ ಪುಸ್ತಕ ನೋಡಿದ್ದೇನೆ, ಅಲ್ಲಿ ಅದು ಅರ್ಧ ಇಂಚಾಗಿಬಿಡುತ್ತದೆ. ಸರ್ಕಾರಿ ಕೋಷ್ಟಕಗಳು ಮಿಲಿಮೀಟರಿನಲ್ಲಿರುತ್ತವೆ. ಒಂದು ಇಂಚು 25.4 ಮಿಲಿಮೀಟರ್, ಎರಡನ್ನೂ ಒಂದೇ ಕಾಲಂನಲ್ಲಿ ಬೆರೆಸಿದರೆ ಯಾವ ಆ್ಯಡ್-ಆನ್ ಕೂಡ ಕಾಪಾಡುವುದಿಲ್ಲ. ಮಳೆ ಬಾರದ ದಿನಕ್ಕೆ ಒಬ್ಬರು 0 ಬರೆಯುತ್ತಾರೆ, ಇನ್ನೊಬ್ಬರು ಅಡ್ಡಗೆರೆ ಎಳೆಯುತ್ತಾರೆ, ಮತ್ತೊಬ್ಬರು ಖಾಲಿ ಬಿಡುತ್ತಾರೆ. ಖಾಲಿ ಕೋಶ ಮೇಲಕ್ಕೆ ಹೋಗುತ್ತದೋ ಕೆಳಕ್ಕೆ ಹೋಗುತ್ತದೋ ಎಂಬುದು ಆ್ಯಡ್-ಆನ್‌ನಿಂದ ಆ್ಯಡ್-ಆನ್‌ಗೆ ಬದಲಾಗುತ್ತದೆ.

ಕನ್ನಡ ಅಂಕಿಗಳಿರುವ ಕಾಲಂ ಜೋಡಣೆಯಾಗದಿದ್ದರೆ ಆಶ್ಚರ್ಯಪಡಬೇಡಿ. ೧೨ ಎಂಬುದನ್ನು ಜಾವಾಸ್ಕ್ರಿಪ್ಟ್ ತಾನಾಗಿ 12 ಎಂದು ಓದುವುದಿಲ್ಲ, ಅದನ್ನು ಬದಲಿಸಿಕೊಡುವ ಕೆಲಸವನ್ನು ಆ್ಯಡ್-ಆನ್ ಬರೆದವರೇ ಮಾಡಿರಬೇಕು.

ತಾರೀಖಿನ ಕಾಲಂ ಕೆಟ್ಟರೆ 13ನೇ ತಾರೀಖನ್ನು ನೋಡಿ. 05/04/2024 ಎಂದರೆ ನಮಗೆ ಏಪ್ರಿಲ್ ಐದು. ಬ್ರೌಸರ್ ತಾನಾಗಿ ಓದಿದರೆ ಅಮೆರಿಕದ ರೂಢಿಯಂತೆ ಮೇ ನಾಲ್ಕು. 25/04/2024 ಎಂದರೆ ಇಪ್ಪತ್ತೈದನೆಯ ತಿಂಗಳಾಗುತ್ತದೆ, ಅಂತಹ ತಿಂಗಳಿಲ್ಲದ ಕಾರಣ ಅದು ತಾರೀಖೇ ಅಲ್ಲ ಎಂದು ಕೈಬಿಡುತ್ತದೆ. ಆದ್ದರಿಂದ ಪ್ರತಿ ತಿಂಗಳ 1ರಿಂದ 12ರವರೆಗಿನ ಸಾಲುಗಳು ಅದಲುಬದಲಾಗಿ, 13ರಿಂದ ಮುಂದಿನವು ಒಂದು ಕಡೆ ರಾಶಿಯಾಗಿಯೋ ಅಲ್ಲಲ್ಲಿ ಚೆಲ್ಲಿದಂತೆಯೋ ಬಿದ್ದಿದ್ದರೆ ಕಾರಣ ಇದೇ. ಆಯ್ಕೆಗಳಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮ ಸಿಕ್ಕರೆ ಅದನ್ನು ಕೊಡಿ. ನೀವೇ ಬರೆಯುವ ಕೋಷ್ಟಕವಾದರೆ 2024-04-25 ಎಂದು ವರ್ಷವನ್ನು ಮುಂದಿಟ್ಟು ಬರೆಯಿರಿ. ಹಾಗೆ ಬರೆದದ್ದನ್ನು ತಾರೀಖು ಎಂದು ಓದಿದರೂ ಪದ ಎಂದು ಓದಿದರೂ ಕ್ರಮ ತಪ್ಪುವುದಿಲ್ಲ.

ಹೋಬಳಿ ತಾಲ್ಲೂಕು ಬದಲಿಸಿದಾಗ

ಹಾಸನ ಜಿಲ್ಲೆಯ ಹೋಬಳಿವಾರು ಮಳೆಯ ಒಂದು ಕೋಷ್ಟಕದಲ್ಲಿ ಮೊದಲ ಕಾಲಂ ತಾಲ್ಲೂಕು, ಎರಡನೆಯದು ಹೋಬಳಿ, ಮೂರನೆಯದು ಮಳೆ. "ಬೇಲೂರು" ಎಂಬ ಹೆಸರು ಐದು ಸಾಲುಗಳಷ್ಟು ಎತ್ತರದ ಒಂದೇ ಒಂದು ಕೋಶದಲ್ಲಿ ಇದ್ದು, ಅದರ ಪಕ್ಕದಲ್ಲಿ ಕಸಬಾ, ಹಳೇಬೀಡು, ಮಾದಿಹಳ್ಳಿ, ಅರೇಹಳ್ಳಿ, ಬಿಕ್ಕೋಡು ಎಂಬ ಐದು ಸಾಲುಗಳಿದ್ದವು. ನೋಡಲು ಚೆಂದ. ಮಳೆಯ ಪ್ರಕಾರ ಜೋಡಿಸಿದಾಗ ಹೆತ್ತೂರಿನ ಮಳೆ ಬೇಲೂರು ತಾಲ್ಲೂಕಿನ ಲೆಕ್ಕಕ್ಕೆ ಬಂತು. ಹೆತ್ತೂರು ಇರುವುದು ಸಕಲೇಶಪುರ ತಾಲ್ಲೂಕಿನಲ್ಲಿ.

ಒಳಗೆ ಆಗುವುದು ಹೀಗೆ. ಆ ಎತ್ತರದ ಕೋಶ ಐದೂ ಸಾಲುಗಳಿಗೆ ಸೇರಿದ್ದೆಂದು ನಾವು ಓದುತ್ತೇವೆ, ಪುಟದ ರಚನೆಯಲ್ಲಿ ಅದು ಸೇರಿರುವುದು ಮೊದಲ ಸಾಲಿಗೆ ಮಾತ್ರ. ಉಳಿದ ನಾಲ್ಕು ಸಾಲುಗಳಲ್ಲಿ ಒಂದು ಕೋಶ ಕಡಿಮೆ ಇರುತ್ತದೆ. ಜೋಡಣೆಯಾದಾಗ ಮೊದಲ ಸಾಲು ತನ್ನ ಎತ್ತರದ ಕೋಶವನ್ನು ಹೊತ್ತುಕೊಂಡು ಹೊಸ ಜಾಗಕ್ಕೆ ಹೋಗಿ, ಅಲ್ಲಿ ತನ್ನ ಕೆಳಗೆ ಸಿಕ್ಕಿದ ನಾಲ್ಕು ಸಾಲುಗಳನ್ನು ಬೇಲೂರಿಗೆ ಸೇರಿಸಿಕೊಳ್ಳುತ್ತದೆ. ತಾಲ್ಲೂಕಿನ ಕೋಶವಿಲ್ಲದ ಸಾಲುಗಳು ಬೇರೆ ಕಡೆ ಹೋದಾಗ ಒಂದು ಮನೆ ಎಡಕ್ಕೆ ಜರುಗಿ, ಹೋಬಳಿಯ ಹೆಸರು ತಾಲ್ಲೂಕಿನ ಕೆಳಗೆ, ಮಳೆಯ ಅಂಕಿ ಹೋಬಳಿಯ ಕೆಳಗೆ ನಿಲ್ಲುತ್ತದೆ. ಹೀಗೆ ಜರುಗಿದ ಸಾಲು ಒಂದಾದರೂ ಕಂಡರೆ ಇಡೀ ಜೋಡಣೆಯನ್ನು ಕೈಬಿಡಿ. ಕೂಡಿಸಿದ ಕೋಶಗಳನ್ನು ಬಿಡಿಸಿ ಹೆಸರನ್ನು ಪ್ರತಿ ಸಾಲಿಗೂ ತುಂಬುವ ಆ್ಯಡ್-ಆನ್‌ಗಳಲ್ಲಿ ಆ ಆಯ್ಕೆಯನ್ನು ಚಾಲೂ ಮಾಡಿ. ಇಲ್ಲದಿದ್ದರೆ ಸ್ಪ್ರೆಡ್‌ಶೀಟಿಗೆ ಅಂಟಿಸಿ ತಾಲ್ಲೂಕಿನ ಹೆಸರನ್ನು ಕೈಯಾರೆ ಕೆಳಗಿನವರೆಗೆ ತುಂಬಬೇಕು.

ಕೊನೆಯ "ಒಟ್ಟು" ಸಾಲಿನ ಕಡೆಗೂ ಒಂದು ಕಣ್ಣಿರಲಿ. ಅದನ್ನು ಅಡಿಸಾಲು ಎಂದು ಗುರುತಿಸದೆ ಸಾಮಾನ್ಯ ಸಾಲಾಗಿ ಬರೆದಿದ್ದರೆ, ಇಳಿಕೆ ಕ್ರಮದಲ್ಲಿ ಎಲ್ಲರಿಗಿಂತ ಮೇಲೆ ಬರುವುದು ಅದೇ.

ಕಣ್ಣಿಗೆ ಕಾಣುವ ಕನ್ನಡ ಹುಡುಕಿದರೆ ಸಿಗದಿದ್ದಾಗ

ಹುಡುಕುವ ಜಾಗದಲ್ಲಿ ಕೊಪ್ಪ ಎಂದು ಬರೆದೆ. ಪರದೆಯ ನಡುವೆ ಕೊಪ್ಪ ಎಂದು ದೊಡ್ಡದಾಗಿ ಕಾಣುತ್ತಿದೆ, ಆ್ಯಡ್-ಆನ್ ಸೊನ್ನೆ ಸಾಲು ಎನ್ನುತ್ತಿದೆ. ನಮ್ಮ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಬೇಸರದ ದೋಷ ಇನ್ನೊಂದಿಲ್ಲ.

ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ "ಕೊ" ಅಕ್ಷರದ ಒತ್ವವನ್ನು ಎರಡು ರೀತಿ ಬರೆಯಬಹುದು. ೊ ಎಂಬ ಒಂದೇ ಗುರುತಾಗಿ ಬರೆಯಬಹುದು, ಎತ್ವದ ಗುರುತಿನ ಮುಂದೆ ಊತ್ವದ ಗುರುತಿಟ್ಟು ಎರಡು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎರಡನ್ನೂ ಸಮವೆಂದು ಕಾಣಬೇಕೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ, ಆದರೆ ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸುವ ಆ್ಯಡ್-ಆನ್‌ಗೆ ಅವು ಬೇರೆ ಬೇರೆ. ಗೋಣಿಬೀಡು ಎಂಬ ಹೆಸರಿನಲ್ಲಿ ಓತ್ವ, ಈತ್ವ ಎರಡಕ್ಕೂ ಈ ತೊಂದರೆ ಬರಬಹುದು. ಪರೀಕ್ಷೆ ಸುಲಭ. ಕೋಶದ ಹೆಸರನ್ನು ನಕಲಿಸಿ ಸರಳವಾದ ಬರಹದ ಕಿಟಕಿಗೆ ಅಂಟಿಸಿ, "ಕೊ" ಆದ ಕೂಡಲೇ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿ. ಹೆಚ್ಚಿನ ಕಡೆ ಒಂದು ಒತ್ತಿಗೆ ಒಂದು ಗುರುತು ಅಳಿಯುತ್ತದೆ. "ಕ" ಉಳಿದರೆ ಒಂದೇ ತುಂಡು, "ಕೆ" ಉಳಿದರೆ ಎರಡು ತುಂಡು.

ಸಕಲೇಶ್‌ಪುರ ಎಂದು ಬರೆದ ಹೆಸರಿನಲ್ಲಿ ಇನ್ನೊಂದು ಗುಟ್ಟಿದೆ. ಶ್ ಮತ್ತು ಪು ಒತ್ತಕ್ಷರವಾಗಿ ಕೂಡದಿರಲಿ ಎಂದು ನಡುವೆ ಒಂದು ಅಗೋಚರ ಗುರುತು ಕೂತಿರುತ್ತದೆ. ಅವೆರಡರ ನಡುವೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದರೆ ಪು ಸರ್ರನೆ ಶ್ ಕೆಳಗೆ ಇಳಿದು ಒತ್ತಾಗುತ್ತದೆ. ಆ ಗುರುತಿಲ್ಲದೆ ಟೈಪ್ ಮಾಡಿ ಹುಡುಕಿದರೆ ಹೆಸರು ಸಿಗುವುದಿಲ್ಲ. ಇದೇ ಊರನ್ನು ಇನ್ನೊಂದು ಸಾಲಿನಲ್ಲಿ ಸಕಲೇಶಪುರ ಎಂದೇ ಬರೆದಿರುತ್ತಾರೆ. ಆದ್ದರಿಂದ ಪೂರ್ತಿ ಹೆಸರಿನ ಬದಲು "ಸಕಲೇ" ಎಂಬಷ್ಟನ್ನೇ ಹುಡುಕುವುದು ನನ್ನ ಅಭ್ಯಾಸ. ಎರಡು ಪದಗಳ ನಡುವಿನ ಖಾಲಿ ಜಾಗವೂ ಕೆಲವೊಮ್ಮೆ ಸಾಮಾನ್ಯ ಸ್ಪೇಸ್ ಆಗಿರದೆ, ಸಾಲು ಮುರಿಯದಂತೆ ತಡೆಯುವ ವಿಶೇಷ ಸ್ಪೇಸ್ ಆಗಿರುತ್ತದೆ. ಕೋಶದಿಂದಲೇ ಹೆಸರನ್ನು ನಕಲಿಸಿ ಹುಡುಕುವ ಜಾಗಕ್ಕೆ ಅಂಟಿಸಿದಾಗ ಸಿಕ್ಕಿ, ಟೈಪ್ ಮಾಡಿದಾಗ ಸಿಗದಿದ್ದರೆ ದೋಷ ಈ ಮೂರರಲ್ಲಿ ಒಂದು.

ನಕಲಿಸಿ ಅಂಟಿಸಿದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಆ ಪುಟ ಯೂನಿಕೋಡ್‌ನಲ್ಲೇ ಇಲ್ಲ, ಹಳೆಯ ಆಸ್ಕಿ ಫಾಂಟಿನಲ್ಲಿದೆ. ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಿ ಮಾತ್ರ. ಮೊದಲು ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಹುಡುಕುವ ಜಾಗದಲ್ಲಿ ಚುಕ್ಕಿ, ಆವರಣ, ನಕ್ಷತ್ರದ ಗುರುತು ಹಾಕಿದಾಗ ಮಾತ್ರ ವಿಚಿತ್ರ ಫಲಿತಾಂಶ ಬಂದರೆ, ಆ್ಯಡ್-ಆನ್ ನಿಮ್ಮ ಬರಹವನ್ನು ರೆಗ್ಯುಲರ್ ಎಕ್ಸ್‌ಪ್ರೆಷನ್ (ಕೆಲವು ಗುರುತುಗಳಿಗೆ ವಿಶೇಷ ಅರ್ಥವಿರುವ ಹುಡುಕಾಟದ ಮಾದರಿ) ಎಂದು ಓದುತ್ತಿದೆ. ಅಲ್ಲಿ ಚುಕ್ಕಿ ಎಂದರೆ ಯಾವುದೇ ಒಂದು ಅಕ್ಷರ, ಹಾಗಾಗಿ 1.5 ಎಂದು ಹುಡುಕಿದರೆ 125 ಕೂಡ ಸಿಗುತ್ತದೆ. ಆ ಆಯ್ಕೆಯನ್ನು ಆಫ್ ಮಾಡಿದರೆ ಸಾಕು.

ತಯಾರಕರಿಗೆ ತಿಳಿಸುವಾಗ

"ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಬ್ರೌಸರಿನ ಹೆಸರು, ಆವೃತ್ತಿ, ಆ್ಯಡ್-ಆನ್‌ನ ಆವೃತ್ತಿ, ಐದು ಕೋಶಗಳ ಬರಹ, ಬಂದ ಕ್ರಮ, ಬರಬೇಕಾಗಿದ್ದ ಕ್ರಮ, ಇಷ್ಟು ಕೊಡಿ. ಲಾಗಿನ್ ಆಗಿ ನೋಡುವ ಲೆಕ್ಕದ ಪುಟವಾದರೆ ಪರದೆಯ ಚಿತ್ರವನ್ನು ಕಳುಹಿಸಲೇಬೇಡಿ, ಅದರಲ್ಲಿ ಹೆಸರು, ಖಾತೆ, ದುಡ್ಡು ಎಲ್ಲವೂ ಇರುತ್ತದೆ. ಅಂಕಿಗಳನ್ನು ಬದಲಿಸಿ ಐದು ಸಾಲಿನ ಒಂದು ಪುಟ್ಟ ಕೋಷ್ಟಕವನ್ನು ನೀವೇ ಮಾಡಿ, ಅದರಲ್ಲೂ ದೋಷ ಬರುತ್ತದೆಯೇ ನೋಡಿ ಕಳುಹಿಸಿ.

ಚಿಕ್ಕಪ್ಪನ ಪರವಾಗಿ ನಾನು ಬರೆದದ್ದು ಮೇಲೆ ಹೇಳಿದ ಆ ಐದು ಮೊತ್ತಗಳನ್ನೇ. ಜೊತೆಗೆ, ಭಾರತದಲ್ಲಿ ಕೊನೆಯ ಮೂರು ಅಂಕಿ ಬಿಟ್ಟು ಉಳಿದವಕ್ಕೆ ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕುತ್ತೇವೆ ಎಂಬ ಒಂದು ವಾಕ್ಯ ಸೇರಿಸಿದೆ. ಆ ಸಂಜೆ ಅವರು ಹೊರಡುವ ಮೊದಲು ಇಡೀ ಕೋಷ್ಟಕವನ್ನು ಕ್ಯಾಲ್ಕ್‌ಗೆ ಅಂಟಿಸಿ, ಅಲ್ಪವಿರಾಮ ಅಳಿಸಿ, ಇಳಿಕೆ ಕ್ರಮದಲ್ಲಿ ಇಟ್ಟೆ. ಪುಟದಲ್ಲಿದ್ದ ಸಾಲುಗಳನ್ನೂ ಇಲ್ಲಿಯ ಸಾಲುಗಳನ್ನೂ ಎಣಿಸಿ ಸರಿಹೊಂದಿಸಿದೆವು, ಮೇಲಿನ ಮೂರು ಮತ್ತು ಕೆಳಗಿನ ಮೂರು ಸಾಲುಗಳನ್ನು ಅವರ ಕೈಬರಹದ ಪುಸ್ತಕದ ಜೊತೆ ತಾಳೆ ನೋಡಿದೆವು. ಲಕ್ಷ ದಾಟಿದ ಲಾಟುಗಳೆಲ್ಲ ಮೇಲೆ ಇದ್ದವು. ಚಿಕ್ಕಪ್ಪ ಒಂದೊಂದನ್ನೂ ಬೆರಳಿಟ್ಟು ಓದಿ, ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು.